ಪಟ್ಟಿಯಲ್ಲಿ ಇಲ್ಲದ ಅಂಗಿ

ತಮ್ಮನ ಮುಖಕ್ಕೆ ಹುಳದ ಔಷಧಿ ಹೊಡೆದದ್ದು ತೋಟದ ಮೇಸ್ತ್ರಿ. ಹಾಡಹಗಲಿನಲ್ಲಿ, ಹನ್ನೊಂದು ಜನರ ಕಣ್ಣೆದುರಿಗೆ ಹೊಡೆದ. ತಾನೇ ಕುಡಿದು ಸತ್ತ ಅಂತ ಬರೆದದ್ದು ಡಾಕ್ಟರು. ಅವರು ಆ ಹನ್ನೊಂದು ಜನರಲ್ಲಿ ಒಬ್ಬರನ್ನೂ ಕೇಳಲಿಲ್ಲ. ಹೆಣ ಕುಯ್ದು ನೋಡಬೇಕಾಗಿತ್ತು, ನೋಡಲಿಲ್ಲ. ಸಂಜೆ ಐದಕ್ಕೆ ಸತ್ತವನು ಆರಕ್ಕೆಲ್ಲ ಮನೆ ಮುಂದೆ ಇದ್ದ. ಸೌತೆಕಾಯಿ ಸಾಗಿಸುವ ವ್ಯಾನಿನಲ್ಲೇ ತಂದರು. ಕ್ರೇಟುಗಳನ್ನು ಇಳಿಸುವಷ್ಟು ಪುರಸೊತ್ತೂ ಇರಲಿಲ್ಲ. ಅವುಗಳ ನಡುವೆ ಜಾಗ ಮಾಡಿ ಮಲಗಿಸಿದ್ದರು.

ಅಕ್ಕ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಎಲ್ಲರೂ ಅವಳನ್ನು ಹೆಚ್ಚೋಳು ಅನ್ನುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಹೆಚ್ಚುವುದೇ ಅವಳ ಕೆಲಸ.

ತರಕಾರಿಯಲ್ಲಿ, ಹಣ್ಣಿನಲ್ಲಿ ಔಷಧಿ ಎಷ್ಟು ಉಳಿದಿದೆ ಎಂದು ನೋಡುವ ಲ್ಯಾಬು ಅದು. ಹಡಗು ಹತ್ತುವ ಪ್ರತಿ ಲೋಡಿನಿಂದಲೂ ಇನ್‌ಸ್ಪೆಕ್ಟರು ಎರಡು ಕಿಲೋ ತೆಗೆದು, ಚೀಲಕ್ಕೆ ಸೀಲು ಒತ್ತಿ ಕಳಿಸುತ್ತಾರೆ. ಔಷಧಿ ಮಿತಿಯೊಳಗಿದ್ದರೆ ಕಾಗದ ಸಿಗುತ್ತದೆ, ಲೋಡು ಹಡಗು ಹತ್ತುತ್ತದೆ. ದಾಟಿದರೆ ವಾಪಸು. ವಾಪಸಾದದ್ದನ್ನು ಗುಂಡಿ ತೋಡಿ ಹೂಳಬೇಕು ಅಂತ ಕಾನೂನು. ಗುಂಡಿ ತೋಡಿದ್ದನ್ನು ಹೆಚ್ಚೋಳು ಒಂದು ದಿನವೂ ಕಂಡಿರಲಿಲ್ಲ. ಸೇತುವೆ ಕೆಳಗಿನ ಮಾರ್ಕೆಟ್ಟಿನಲ್ಲಿ ಆ ಕ್ರೇಟುಗಳನ್ನು ಕಂಡಿದ್ದಳು. ಮೇಲಿನ ಸ್ಟಿಕ್ಕರನ್ನು ಅರ್ಧ ಕಿತ್ತಿರುತ್ತಿದ್ದರು. ಅವಳ ಓಣಿಯವರೆಲ್ಲ ಅಲ್ಲೇ ಕೊಳ್ಳುತ್ತಿದ್ದರು. ಅವಳೂ ಕೊಳ್ಳುತ್ತಿದ್ದಳು. ಬೇರೆ ಕಡೆ ಕೊಳ್ಳುವ ಯೋಗ್ಯತೆ ಇರಲಿಲ್ಲ.

ಹೆಚ್ಚುವ ಕೋಣೆ ಹಿಂಬದಿಯಲ್ಲಿತ್ತು. ಕಿಟಕಿ ತೆರೆಯುವ ಹಾಗಿರಲಿಲ್ಲ, ಧೂಳು ಬಂದರೆ ಪರೀಕ್ಷೆ ಕೆಡುತ್ತದಂತೆ. ತೊಳೆಯದೆ ಹೆಚ್ಚಬೇಕು, ಅದು ನಿಯಮ. ಹೆಚ್ಚಿದ್ದನ್ನು ದೊಡ್ಡ ಜಾರಿಗೆ ಹಾಕಿ, ನುಣ್ಣಗೆ ತಿರುವಿ, ಹತ್ತು ಗ್ರಾಂ ತೂಗಿ ಕೊಳವೆಗೆ ತುಂಬಬೇಕು. ಒಂದು ಚೀಲ ಮುಗಿದರೆ ಚಾಕು, ಹಲಗೆ, ಜಾರು ಎಲ್ಲವನ್ನೂ ಸೋಪಿನಲ್ಲಿ ಉಜ್ಜಿ, ಆಮೇಲೆ ಅಸಿಟೋನಿನಲ್ಲಿ ಒರೆಸಬೇಕು. ದಿನಕ್ಕೆ ನಲವತ್ತು ಚೀಲ. ಒಂಬತ್ತು ವರ್ಷ. ಅವಳ ಬೆರಳ ತುದಿಗಳು ನುಣ್ಣಗಾಗಿ, ಗೆರೆಗಳೇ ಅಳಿಸಿಹೋಗಿದ್ದವು. ಹಾಜರಿ ಯಂತ್ರ ಅವಳ ಹೆಬ್ಬೆರಳನ್ನು ಗುರುತಿಸುತ್ತಿರಲಿಲ್ಲ. ವಾಚ್‌ಮನ್ ದಿನವೂ ಅವಳ ಕೈ ಹಿಡಿದು, ಯಂತ್ರದ ಮೇಲೆ ಒತ್ತಿ ಒತ್ತಿ ನೋಡಿ, "ಬಂದಿದ್ದೀಯೋ ಇಲ್ವೋ ದೇವರೇ ಹೇಳಬೇಕು" ಅನ್ನುತ್ತಿದ್ದ. ಅವನು ಕೈ ಬಿಡಲು ತೆಗೆದುಕೊಳ್ಳುತ್ತಿದ್ದ ಸಮಯ ಅವಳಿಗೆ ಮಾತ್ರ ಗೊತ್ತಿತ್ತು.

ಇನ್ನೊಂದು ಕೆಲಸವೂ ಇತ್ತು. ಅದು ಯಾವ ನಿಯಮದಲ್ಲೂ ಬರೆದದ್ದಲ್ಲ. ಆಗಾಗ ಸೀಲು ಒತ್ತಿದ ಚೀಲದ ಜೊತೆ ಸೀಲಿಲ್ಲದ ಇನ್ನೊಂದು ಚೀಲ ಬರುತ್ತಿತ್ತು. ಲ್ಯಾಬಿನ ಸಾಹೇಬರು ಬಾಗಿಲಲ್ಲಿ ನಿಂತು, "ಇದನ್ನ ತಿರುವಮ್ಮ" ಅಂತ ಸೀಲಿಲ್ಲದ್ದನ್ನು ತೋರಿಸುತ್ತಿದ್ದರು. ಔಷಧಿ ಕಾಣದ, ಲೋಡಿನ ಮಾಲೀಕರ ಮನೆ ಹಿತ್ತಲಿನ ಕಾಯಿ ಅದು. ಅವಳು ತಿರುವುತ್ತಿದ್ದಳು. ಸೀಲಿನದ್ದು ಕಸದ ಡಬ್ಬಕ್ಕೆ. ಮೊದಲ ಸಲ ಸುತ್ತ ನೋಡಿ ಹಾಕಿದ್ದಳು. ಆಮೇಲೆ ನೋಡದೆ ಹಾಕಿದಳು.

ತಮ್ಮ ಆರು ವರ್ಷದಿಂದ ಪಾಲಿಹೌಸಿನಲ್ಲಿ ಔಷಧಿ ಹೊಡೆಯುತ್ತಿದ್ದ. ಊರ ಹೊರಗೆ ಸಾಲುಸಾಲಾಗಿ ನಿಂತ ಪ್ಲಾಸ್ಟಿಕ್ಕಿನ ಮನೆಗಳು. ಒಳಗೆ ಗಾಳಿ ಆಡುವುದಿಲ್ಲ. ಹಬ್ಬಿದ ಸೌತೆ ಬಳ್ಳಿ ಆಳೆತ್ತರಕ್ಕಿಂತ ಮೇಲೆ. ಔಷಧಿ ಅಂತ ಕರೆಯುತ್ತಾರೆ, ಯಾರ ಕಾಯಿಲೆಗೆ ಅಂತ ಯಾರೂ ಕೇಳುವುದಿಲ್ಲ. ಮೂಗಿಗೆ ಕಟ್ಟಲು ಒಂದು ಬಟ್ಟೆ ಕೊಡುತ್ತಿದ್ದರು, ಅದು ಅರ್ಧ ಗಂಟೆಗೆ ನೆನೆದು ಬಾಯಿಗೇ ಅಂಟುತ್ತಿತ್ತು. ಅವನು ಮನೆಗೆ ಬಂದರೆ, ಇವತ್ತು ಯಾವುದನ್ನು ಹೊಡೆದ ಅಂತ ವಾಸನೆಯ ಮೇಲೇ ಹೆಚ್ಚೋಳು ಹೇಳುತ್ತಿದ್ದಳು.

"ಇದನ್ನ ಹೊಡೆದ ಮೇಲೆ ಏಳು ದಿನ ಕಾಯಿ ಕೀಳಬಾರದು ಕಣೋ. ಡಬ್ಬದ ಮೇಲೇ ಬರೆದಿದೆ."

"ಹೊಡೆದೋನು ಎಷ್ಟು ದಿನ ಮನೆಗೆ ಬರಬಾರದು ಅಂತ ಬರೆದಿದ್ಯಾ?"

"ನಿನ್ನ ಮೂತಿ ನೋಡಿದ್ದಿದ್ರೆ ಏಳು ವರ್ಷ ಅಂತ ಬರೀತಿದ್ರು."

ಒಲೆ ಮುಂದೆ ಕೂತಿದ್ದ ಅವ್ವ ಕೆಮ್ಮು ಬರುವಷ್ಟು ನಕ್ಕಿದ್ದಳು. ತಮ್ಮ ಆ ಏಳು ದಿನದ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡ.

ಮುಂದೆ ನಡೆದದ್ದನ್ನು ಹೇಳಿದವಳು ಅವನ ಹಿಂದೆ ಔಷಧಿಯ ಪೈಪು ಎಳೆಯುತ್ತಿದ್ದ ಹೆಂಗಸು. ಹೆಣದ ಕಾಲ ಬಳಿ ಕೂತು, ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದಳು.

ಬಳ್ಳಿಗೆ ಬಿಳಿನೊಣ ಬಿದ್ದಿತ್ತು. ಮರುದಿನ ಬೆಳಿಗ್ಗೆಯೇ ಕಾಯಿ ಕೀಳಬೇಕಾಗಿತ್ತು. ಮೇಸ್ತ್ರಿ ಎರಡು ಪಟ್ಟು ಔಷಧಿ ಕಲಸಿಸಿ, ಹೊಡಿ ಅಂದ. ತಮ್ಮ ಔಷಧಿ ಹೊಡೆಯುವ ಗನ್ನನ್ನು ನೆಲಕ್ಕಿಟ್ಟ.

"ನಾಳೆ ಕೀಳೋ ಕಾಯಿಗೆ ಇವತ್ತು ಹೊಡೆಯೋ ಹಾಗಿಲ್ಲ. ಡಬ್ಬ ಓದಿ ನೋಡಿ."

"ಯಾವನು ಹೇಳಿದ್ದು?"

"ನಮ್ಮಕ್ಕ."

"ಲ್ಯಾಬಲ್ಲಿ ಕಸ ಬಳಿಯೋಳಾ?"

"ಹೆಚ್ಚೋಳು. ಕಸ ಬಳಿದ್ರೂ ನಿಮಗಿಂತ ನಾಲ್ಕಕ್ಷರ ಜಾಸ್ತಿ ಓದವ್ಳೆ."

ಯಾರೋ ಕಿಸಕ್ಕನೆ ನಕ್ಕರು. ಆ ನಗು ತಮ್ಮನ ಜೀವ ತೆಗೆಯಿತು.

ಮೇಸ್ತ್ರಿ ಕೆನ್ನೆಗೆ ಹೊಡೆದ. ತಮ್ಮ ಗನ್ನು ಎತ್ತಲಿಲ್ಲ. ಹೊಟ್ಟೆಗೆ ಒದ್ದ. ಎತ್ತಲಿಲ್ಲ. ಇಬ್ಬರಿಗೆ, ಹಿಡ್ಕೊಳ್ರೋ ಅಂದ. ಅವರೂ ಅಲ್ಲಿ ಕೂಲಿಗಿದ್ದವರೇ, ಹಿಡಿದುಕೊಂಡರು. ಮೇಸ್ತ್ರಿ ಗನ್ನು ಎತ್ತಿಕೊಂಡು ಮೊದಲು ಕಣ್ಣಿಗೆ ಬಿಟ್ಟ. ಚೀರಲು ಬಾಯಿ ತೆರೆದಾಗ ಬಾಯಿಗೆ ಬಿಟ್ಟ. "ಹುಳ ಎಲ್ಲೆಲ್ಲಿ ಸೇರ್ಕೊಂಡಿದೆಯೋ" ಅಂತ ಬೋರಲು ಹಾಕಿಸಿ ಬೆನ್ನಿಗೆ ಬಿಟ್ಟ. ಪೈಪಿನಲ್ಲಿ ಇದ್ದದ್ದು ಮುಗಿಯುವವರೆಗೂ ಬಿಟ್ಟ. ನೀರು ತರಲು ನಲ್ಲಿ ಕಡೆ ಓಡಿದ ಪೈಪಿನವಳ ಸೊಂಟಕ್ಕೆ ಒದ್ದ. ಅವಳು ಸೊಂಟದ ಕಪ್ಪು ಗುರುತನ್ನು ಹೆಚ್ಚೋಳಿಗೆ ತೋರಿಸಿದಳು. ತೊಯ್ದ ಅಂಗಿಯಲ್ಲೇ ತಮ್ಮನನ್ನು ಎರಡು ತಾಸು ಪ್ಲಾಸ್ಟಿಕ್ಕಿನ ಕೆಳಗೆ, ಆ ಬೇಗೆಯಲ್ಲಿ ಕೂರಿಸಿದ್ದರು. ಬುದ್ಧಿ ಬರಲಿ ಅಂತ. ಕುಸಿದು ಬಿದ್ದ ಮೇಲೆ ಆಸ್ಪತ್ರೆಗೆ ಸಾಗಿಸಿದರು.

ಹೆಚ್ಚೋಳು ಆಸ್ಪತ್ರೆಗೆ ಓಡಿ ಬಂದಾಗ ಮೂರು ಗಂಟೆ. ಮುಖಕ್ಕೇ ಹೊಡೆದ್ರು ಎಂದಷ್ಟೇ ತಮ್ಮ ತೊದಲಿದ. ತಮ್ಮನ ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗಿತ್ತು. ಬಾಯಿಂದ ಜೊಲ್ಲು, ಕಣ್ಣಿಂದ ನೀರು, ಮೈಯಿಂದ ಬೆವರು, ಎಲ್ಲ ಒಟ್ಟಿಗೇ ಸುರಿಯುತ್ತಿತ್ತು. ಉಸಿರೆಳೆದರೆ ಎದೆಯೊಳಗೆ ನೀರು ಗುಳುಗುಳು ಅನ್ನುತ್ತಿತ್ತು. ತೊಡೆಯ ಮಾಂಸ ಚರ್ಮದ ಕೆಳಗೆ ತಾನೇ ತಾನಾಗಿ ಕುಣಿಯುತ್ತಿತ್ತು. ಚಡ್ಡಿಯಲ್ಲೇ ಎಲ್ಲ ಹೋಗಿತ್ತು. ನರ್ಸು ಮೂಗು ಮುಚ್ಚಿಕೊಂಡು ದೂರ ನಿಂತಿದ್ದಳು.

"ಎಷ್ಟು ಕುಡಿದ?" ಅಂದರು ಡಾಕ್ಟರು.

"ಕುಡಿದಿಲ್ಲ. ಮೇಲೆ ಹೊಡೆದಿದಾರೆ."

"ಬಾಯಲ್ಲಿ ವಾಸನೆ ಬರ್ತಿದೆ."

"ಬಾಯಿಗೇ ಹೊಡೆದಿದಾರೆ ಸಾರ್. ಅಂಗಿ ನೋಡಿ. ಬೆನ್ನು ನೋಡಿ."

ಡಾಕ್ಟರು ಬೆನ್ನು ನೋಡಲಿಲ್ಲ. ಬಾಗಿಲ ಬಳಿ ಮೇಸ್ತ್ರಿ ಪೊಲೀಸಿನವನ ಜೊತೆ ನಿಂತಿದ್ದ. ಹುಡುಗಿ ವಿಷಯಕ್ಕೆ ಮನಸ್ಸು ಕೆಡಿಸ್ಕೊಂಡಿದ್ದ ಪಾಪ ಅನ್ನುತ್ತಿದ್ದ. ಅದೇ ಮಾತು ಕಾಗದಕ್ಕೆ ಹೋಯಿತು. ತಮ್ಮ ಒಂದು ಸಲ ಅಕ್ಕನ ಮಣಿಕಟ್ಟನ್ನು ಹಿಡಿದುಕೊಂಡ. ಹಿಡಿತ ಸಡಿಲವಾದದ್ದು ಐದು ಗಂಟೆಗೆ.

ಮಣ್ಣು ಮಾಡುವ ಮೊದಲು ಮೈ ತೊಳೆಯಬೇಕಲ್ಲ. ಹೆಚ್ಚೋಳು ಲ್ಯಾಬಿನ ಗ್ಲೌಸು ಹಾಕಿಕೊಂಡು ಅಂಗಿ ಬಿಚ್ಚಿದಳು. ಅವ್ವ ಬರಿಗೈಯಲ್ಲಿ ಮುಟ್ಟಲು ಬಂದಾಗ ತಳ್ಳಿದಳು. "ಮುಟ್ಟಬೇಡ" ಅಂದಳು. ಹೆತ್ತವಳಿಗೆ ಮಗನ ಹೆಣ ಮುಟ್ಟಬೇಡ ಅಂದ ಬಾಯಿ ಅದು. ಅವ್ವ ದೂರದಲ್ಲಿ ಕೂತು ನೆಲಕ್ಕೆ ಹಣೆ ಚಚ್ಚಿಕೊಂಡಳು. ಹೆಚ್ಚೋಳು ಅಂಗಿಯನ್ನು ಹಾಳೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಮೇಲೆ ತಾರೀಕು ಬರೆದಳು. ಒಂಬತ್ತು ವರ್ಷ ಸೌತೆಕಾಯಿಗೆ ಮಾಡಿದ ಉಪಚಾರವನ್ನೇ ಮಾಡಿದಳು.

ಮೂರನೇ ದಿನ ಕೆಲಸಕ್ಕೆ ಹೋದಳು. ಆ ಅಂಗಿಯನ್ನು ಕತ್ತರಿಸಿದಳು. ಕಾಲರು ಬೇರೆ, ಎದೆಭಾಗ ಬೇರೆ, ಬೆನ್ನು ಬೇರೆ. ಬೆನ್ನಿನ ಬಟ್ಟೆಯಲ್ಲಿ ಅವ್ವ ಹಾಕಿದ ತೇಪೆ ಇತ್ತು. ಚೂರು ಮಾಡಿ, ಹತ್ತು ಹತ್ತು ಗ್ರಾಂ ತೂಗಿ, ಮೂರು ಕೊಳವೆಗೆ ತುಂಬಿ ಮಿಷಿನ್ನಿನವನ ಮುಂದೆ ಇಟ್ಟಳು.

ಮಿಷಿನ್ನಿನವನು ದೊಡ್ಡ ಓದು ಓದಿದವನು. ಪರೀಕ್ಷೆಯ ಯಂತ್ರ ಅವನ ಕೈಯಲ್ಲಿತ್ತು. ಅವಳನ್ನು ಅಕ್ಕ ಅನ್ನುತ್ತಿದ್ದ. ಚೀಲ ಬದಲಾಗುವುದು ಅವನಿಗೂ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಇದ್ದ.

"ಇದೇನಕ್ಕ?"

"ನನ್ನ ತಮ್ಮ."

ಅವನು ಕೊಳವೆಗಳನ್ನು ಪಕ್ಕಕ್ಕಿಟ್ಟುಕೊಂಡ. ಎಲ್ಲರೂ ಊಟಕ್ಕೆ ಎದ್ದ ಮೇಲೆ ಯಂತ್ರಕ್ಕೆ ಹಾಕಿದ. ಗಂಟೆ ಕಳೆದು ಪರದೆಯ ಮೇಲೆ ಗೆರೆ ಚಾವಣಿ ಮುಟ್ಟುವ ಹಾಗೆ ಎದ್ದಿತು. ಅವನು ಕನ್ನಡಕ ತೆಗೆದು ಒರೆಸಿಕೊಂಡ.

"ಸೌತೆಕಾಯಿಗೆ ಮಿತಿ ಕಿಲೋಗೆ ಸೊನ್ನೆ ಪಾಯಿಂಟ್ ಸೊನ್ನೆ ಒಂದು ಮಿಲಿಗ್ರಾಂ. ಇದು ಸಾವಿರದ ಇನ್ನೂರು ಇದೆ ಅಕ್ಕ. ಅಂದ್ರೆ ಒಂದು ಲಕ್ಷದ ಇಪ್ಪತ್ತು ಸಾವಿರ ಪಟ್ಟು."

"ಬೆನ್ನಲ್ಲಿ?"

"ಬೆನ್ನಲ್ಲೂ ಅಷ್ಟೇ."

"ಕುಡಿದು ಸತ್ತವನ ಬೆನ್ನಿಗೆ ವಿಷ ಯಾವ ದಾರಿಲಿ ಬಂತಣ್ಣ?"

ಕಾಗದ ತೆಗೆದುಕೊಡು ಅಂದಳು. ಸಾಹೇಬರ ಸಹಿ ಇಲ್ಲದೆ ಕಾಗದ ಬರಲ್ಲ ಅಂದ.

ಅವಳು ಸಾಹೇಬರ ಕೋಣೆಗೆ ಹೋದಳು. ಒಂಬತ್ತು ವರ್ಷದಲ್ಲಿ ಆ ಹೊಸ್ತಿಲು ದಾಟಿದ್ದು ನೆಲ ಒರೆಸುವವಳು ರಜೆ ಹಾಕಿದಾಗ ಮಾತ್ರ. ಸಾಹೇಬರು ಮೆತ್ತಗೆ ಮಾತಾಡುವವರು.

"ನೋಡಮ್ಮ, ದುಃಖ ಅರ್ಥ ಆಗುತ್ತೆ. ಆದ್ರೆ ನಮ್ಮದು ಆಹಾರದ ಲ್ಯಾಬು. ನಾವು ಏನೇನು ಪರೀಕ್ಷೆ ಮಾಡಬೇಕು ಅಂತ ಸರ್ಕಾರ ಪಟ್ಟಿ ಕೊಟ್ಟಿದೆ. ಇನ್ನೂರ ಎಂಬತ್ತು ಪದಾರ್ಥ ಇದೆ ಅದರಲ್ಲಿ. ಅಂಗಿ ಇಲ್ಲ."

"ಹೊಡೆಯೋರು ಇದಾರಾ ಸಾರ್ ಆ ಪಟ್ಟಿಲಿ?"

"ಮನುಷ್ಯರನ್ನ ಯಾರೂ ತಿನ್ನಲ್ವಲ್ಲಮ್ಮ."

ಹೇಳಿದ ಮೇಲೆ ಅವರಿಗೇ ಒಂದು ಥರ ಆಯಿತು. ಕಡತ ಮುಚ್ಚಿದರು. ಆಮೇಲೆ ಮಿಷಿನ್ನಿನವನನ್ನು ಕರೆಸಿ, ಕೋಟಿ ಬೆಲೆಯ ಯಂತ್ರಕ್ಕೆ ಕೊಳಕು ಬಟ್ಟೆ ಹಾಕಿದ್ದಕ್ಕೆ ಅವಳ ಎದುರಿಗೇ ಉಗಿದರು. ಗೆರೆಗಳನ್ನು ಅಳಿಸಲು ಹೇಳಿದರು. ಅವನು ತಲೆಯಾಡಿಸಿದ. ಉಳಿದ ಅಂಗಿಯ ಚೂರುಗಳನ್ನು ಸುಡುವ ಕಸಕ್ಕೆ ಹಾಕಿಸಿದರು. ಹಾಕಿದ್ದು ಹೆಚ್ಚೋಳ ಕೈಯಿಂದಲೇ.

ಅದೇ ಮಧ್ಯಾಹ್ನ ಮೇಸ್ತ್ರಿ ಬಂದ. ಪಾಲಿಹೌಸಿನ ಲೋಡು ಬಂದರಿನಲ್ಲಿ ನಿಂತಿತ್ತು, ಕಾಗದ ಬೇಕಾಗಿತ್ತು. ತಮ್ಮನನ್ನು ನೆಲಕ್ಕೆ ಕೆಡವಿ, ಅವನು ಬೇಡ ಅಂದ ಔಷಧಿಯನ್ನು ಬೇರೆಯವರ ಕೈಲಿ ಹೊಡೆಸಿ, ಮರುದಿನವೇ ಕಿತ್ತ ಕಾಯಿ ಅದು. ಒಂದು ಕೈಯಲ್ಲಿ ಸೀಲಿನ ಚೀಲ, ಇನ್ನೊಂದು ಕೈಯಲ್ಲಿ ಸೀಲಿಲ್ಲದ ಚೀಲ. ಸಾಹೇಬರು ಎಂದಿನಂತೆ ಬಾಗಿಲಲ್ಲಿ ನಿಂತರು. ಅವಳ ಮುಖ ನೋಡದೆ ಹೇಳಿದರು.

"ಇದನ್ನ ತಿರುವಮ್ಮ."

ಹೆಚ್ಚೋಳು ಎರಡೂ ಚೀಲ ನೋಡಿದಳು. ಸೀಲಿಲ್ಲದ್ದನ್ನು ತೆಗೆದು ಕಸದ ಡಬ್ಬಕ್ಕೆ ಹಾಕಿದಳು. ಸೀಲಿನದ್ದನ್ನು ಹಲಗೆ ಮೇಲೆ ಇಟ್ಟು, ಚಾಕುವಿನಿಂದ ಸೀಲು ಹರಿದಳು. ಹೆಚ್ಚತೊಡಗಿದಳು.

"ಏಯ್, ಅದಲ್ಲ" ಅಂದರು ಸಾಹೇಬರು.

"ಇದೇ."

"ಹೇಳಿದ್ದು ಕೇಳಿಸಲಿಲ್ವಾ?"

"ಕೇಳಿಸ್ತು. ಮಾಡಲ್ಲ."

ಅವಳ ಕೈ ನಿಲ್ಲಲಿಲ್ಲ. ಒಂದು ಕಾಯಿ ಮುಗಿಯಿತು, ಎರಡನೆಯದು ಮುಗಿಯಿತು. ಹೊರಗಿನವರು ಕಾಲಿಡಬಾರದು ಅಂತ ಬಾಗಿಲ ಮೇಲೆ ಬರೆದಿದ್ದ ಕೋಣೆಗೆ ಮೇಸ್ತ್ರಿ ಬೂಟುಗಾಲಲ್ಲಿ ನುಗ್ಗಿದ. ಹಿಂದಿನಿಂದ ತುರುಬು ಹಿಡಿದು ಎಳೆದ. ಅವಳ ತಲೆಯನ್ನು ಸ್ಟೀಲಿನ ಮೇಜಿಗೆ ಗುದ್ದಿದ. ಮುಂದಿನ ಹಲ್ಲು ಮುರಿದು ನಾಲಿಗೆ ಮೇಲೆ ಬಿತ್ತು. ಇನ್ನೊಂದು ಸಲ ಗುದ್ದಿದ. ಸಾಹೇಬರು "ಇಲ್ಲಿ ಬೇಡ, ಇಲ್ಲಿ ಬೇಡ" ಅನ್ನುತ್ತ ನಿಂತಿದ್ದರು. ಪಕ್ಕದ ಕೋಣೆಯಲ್ಲಿ ಬಾಟಲಿ ತೊಳೆಯುತ್ತಿದ್ದ ಮೂವರು ಹೆಂಗಸರು ಕೈಯ ನೊರೆ ಸಮೇತ ಬಾಗಿಲಿಗೆ ಬಂದರು.

"ನಿನ್ನ ತಮ್ಮನಿಗೆ ಕುಡಿಸಿದ್ದು ಸಾಲಲಿಲ್ವಾ? ನಿಂಗೂ ಕುಡಿಸ್ತೀನಿ, ತಾಳು."

ಮೂವರೂ ಕೇಳಿದರು. ಸಾಹೇಬರೂ ಕೇಳಿದರು.

ಮೇಸ್ತ್ರಿಯ ಎಡಗೈ ಅವಳ ಕುತ್ತಿಗೆಯನ್ನು ಮೇಜಿಗೆ ಒತ್ತಿತ್ತು. ಬಲಗೈ ಹಲಗೆಯ ಮೇಲಿನ ಹೋಳುಗಳನ್ನು ಬಳಿದು ಚೆಲ್ಲಲು ಚಾಚಿತು. ಆ ಕೈ ಅವಳ ಕಣ್ಣಿನಿಂದ ಒಂದು ಗೇಣು ದೂರದಲ್ಲಿತ್ತು. ಗನ್ನು ಹಿಡಿದ ಕೈ. ಉಗುರಿನ ಸಂದಿಯಲ್ಲಿ ಹಸಿರು ಇತ್ತು. ಅವಳು ಚಾಕು ಎತ್ತಿ ಇಳಿಸಿದಳು. ಒಂಬತ್ತು ವರ್ಷ ದಿನಕ್ಕೆ ನಲವತ್ತು ಚೀಲ ಹೆಚ್ಚಿದ ಕೈ, ಗುರಿ ತಪ್ಪಲಿಲ್ಲ. ಎರಡು ಬೆರಳು ಹಲಗೆ ಮೇಲೆ ಉಳಿದವು.

ಮೇಸ್ತ್ರಿ ಕೂಗಿದ್ದು ಮುಂಬಾಗಿಲಿನವರೆಗೂ ಕೇಳಿಸಿತು. ಅವನು ಕೈ ಅವುಚಿಕೊಂಡು ಗೋಡೆಗುಂಟ ಕುಸಿದ. ಹೆಚ್ಚೋಳು ಬಾಯಿಯ ರಕ್ತವನ್ನು ತೋಳಿಗೆ ಒರೆಸಿಕೊಂಡಳು. ಚೀಲದಲ್ಲಿ ಇನ್ನೂ ಮುಕ್ಕಾಲು ಪಾಲು ಕಾಯಿ ಇದ್ದವು. ಹೊಸ ಹಲಗೆ ತೆಗೆದಳು, ಹೊಸ ಚಾಕು ತೆಗೆದಳು, ಗ್ಲೌಸು ಬದಲಾಯಿಸಿದಳು. ರಕ್ತ ಬಿದ್ದದ್ದನ್ನು ಬೇರೆ ಇಟ್ಟಳು. ಉಳಿದದ್ದನ್ನು ಹೆಚ್ಚಿ, ತಿರುವಿ, ಹತ್ತು ಗ್ರಾಂ ತೂಗಿದಳು. ತಕ್ಕಡಿಯ ಅಂಕಿ ನಿಲ್ಲುವವರೆಗೆ ಕಾದಳು. ಸಾಹೇಬರು ಫೋನಿನಲ್ಲಿ ಪೊಲೀಸರನ್ನು ಕರೆಯುತ್ತಿದ್ದರು.

ಕೊಳವೆ ಹಿಡಿದು ಯಂತ್ರದ ಕೋಣೆಗೆ ಹೋದಳು. ಮಿಷಿನ್ನಿನವನ ಮುಂದೆ ಚಾಚಿದಳು.

"ಹಾಕು" ಅಂದಳು. ಮುರಿದ ಹಲ್ಲಿನಲ್ಲಿ ಮಾತು ತೊದಲುತ್ತಿತ್ತು.

"ಅಕ್ಕ, ನನ್ನ ಕೆಲಸ ಹೋಗುತ್ತೆ."

"ಹೋಗುತ್ತೆ."

ಅವನು ಕೊಳವೆ ತೆಗೆದುಕೊಂಡ. ಒಳಗಿನಿಂದ ಚಿಲಕ ಹಾಕಿಕೊಂಡ.

ಪರೀಕ್ಷೆ ಮುಗಿಯಲು ಒಂದು ಗಂಟೆಯ ಮೇಲೆ ಬೇಕು. ಸಾಹೇಬರು ಬಾಗಿಲು ಬಡಿಯಲು ಬಂದರು. ಬಾಟಲಿ ತೊಳೆಯುವ ಮೂವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಅವರಲ್ಲಿ ಹಿರಿಯಳು, ಮಂಡಿನೋವಿನವಳು, ನೆಲಕ್ಕೇ ಕೂತುಬಿಟ್ಟಳು.

"ಎದ್ದೇಳೇ" ಅಂದರು ಸಾಹೇಬರು. ಮೆತ್ತಗಿನ ದನಿ ಹೋಗಿತ್ತು.

"ನಿಮಗೆ ದಾರಿ ಬಿಟ್ಟು ಬಿಟ್ಟು ಕಾಲು ಸೋತಿದೆ ಸಾರ್. ಇವತ್ತು ನೀವೇ ನನ್ನನ್ನ ದಾಟಿಕೊಂಡು ಹೋಗಿ ನೋಡಣ."

ಪೊಲೀಸರು ಬಂದು ಆ ಮುದುಕಿಯನ್ನು ಲಾಠಿಯಲ್ಲಿ ಹೊಡೆದರು. ಅವಳು ಏಳಲಿಲ್ಲ. ಉಳಿದಿಬ್ಬರಿಗೂ ಹೊಡೆದರು. ಒಬ್ಬಳ ಮುಂಗೈ ಮುರಿಯಿತು. ಹೆಚ್ಚೋಳ ಕೈ ಹಿಂದಕ್ಕೆ ಕಟ್ಟಿ, ಎಳೆದುಕೊಂಡು ಹೋಗಿ ಜೀಪಿಗೆ ಹಾಕಿದರು. ಬಾಗಿಲು ಒಡೆಯುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಮಿಷಿನ್ನಿನವನು ಸೌತೆಕಾಯಿಯ ಅಂಕಿಯನ್ನು ಬಂದರಿನ ಕಚೇರಿಗೆ ಕಳಿಸಿದ್ದ. ಅಳಿಸ್ತೀನಿ ಅಂತ ತಲೆಯಾಡಿಸಿದ್ದ ಅಂಗಿಯ ಮೂರು ಗೆರೆಗಳನ್ನೂ ಕಳಿಸಿದ್ದ.

ಲೋಡು ಹಡಗು ಹತ್ತಲಿಲ್ಲ. ಪಾಲಿಹೌಸಿಗೆ ಬೀಗ ಬಿತ್ತು, ಮೂರು ತಿಂಗಳಿಗೆ ಬೇರೆ ಬೋರ್ಡು ಹಾಕಿಕೊಂಡು ತೆರೆಯಿತು. ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು, ಅದೇ ಹುದ್ದೆ. ಮಿಷಿನ್ನಿನವನ ಕೆಲಸ ಹೋಯಿತು. ಬಾಟಲಿ ತೊಳೆಯುವ ಮೂವರು ಮತ್ತು ಪೈಪಿನವಳು ಕಂಡದ್ದನ್ನು, ಕೇಳಿದ್ದನ್ನು ಹೇಳಿ ಹೆಬ್ಬೆಟ್ಟು ಒತ್ತಿದರು. ತಮ್ಮನ ಹೆಣವನ್ನು ಮಣ್ಣಿನಿಂದ ಮೇಲೆತ್ತಿದರು. ಕುಯ್ಯಬೇಕಾಗಿದ್ದಾಗ ಕುಯ್ಯದವರು ಕೊಳೆತ ಮೇಲೆ ಕುಯ್ದರು. ಮೇಸ್ತ್ರಿಯ ಮೇಲೆ ಕೊಲೆ ಕೇಸು ಬಿತ್ತು. ಅದು ಇನ್ನೂ ನಡೆಯುತ್ತಿದೆ, ಅವನು ಜಾಮೀನಿನ ಮೇಲೆ ಹೊರಗಿದ್ದಾನೆ.

ಹೆಚ್ಚೋಳ ಕೇಸು ಬೇಗ ಮುಗಿಯುವ ಹಾಗಿತ್ತು. ಬೆರಳು ಕಡಿದದ್ದು ಹೌದು ಅಂತ ಅವಳೇ ಒಪ್ಪಿದ್ದಳು. ಶಿಕ್ಷೆ ಹೇಳುವ ಮೊದಲು ನ್ಯಾಯಾಧೀಶರು ಕೇಳಿದರು.

"ಮಾಡಿದ್ದಕ್ಕೆ ಪಶ್ಚಾತ್ತಾಪ ಇದೆಯೇನಮ್ಮ?"

"ಇದೆ ಸ್ವಾಮಿ."

ವಕೀಲರಿಗೆ ಸಮಾಧಾನವಾಯಿತು. ಹಾಗೇ ಹೇಳು ಅಂತ ಅವರೇ ಹೇಳಿಕೊಟ್ಟಿದ್ದರು.

"ಬೆರಳಿಗೆ ಅಲ್ಲ" ಅಂದಳು ಅವಳು. "ಚೀಲ ಬದಲಾಯಿಸಿದ್ದಕ್ಕೆ."

ಅವಳು ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮೊದಲನೇ ವರ್ಷ, ಬೇಸಿಗೆಲಿ, ದ್ರಾಕ್ಷಿ. ನದಿ ಆಚೆ ತೋಟದ್ದು. ಸೀಲಿನ ನಂಬರು ನಾಲ್ಕುನೂರ ಹನ್ನೆರಡು. ಬದಲಾಯಿಸಿ ಪಾಸು ಮಾಡಿಸಿದ್ದು. ಅದೇ ವರ್ಷ ಹಸಿಮೆಣಸಿನಕಾಯಿ, ಎರಡು ಲೋಡು. ಹೇಳಿದ್ದು ಸಾಹೇಬರು, ತಿರುವಿದ್ದು ನಾನು. ಎರಡನೇ ವರ್ಷ ಬೀನ್ಸು, ಸೀಲು ಒಂಬೈನೂರ ಮೂರು..."

"ಇದು ಈ ಕೇಸಿಗೆ ಸಂಬಂಧಪಟ್ಟದ್ದಲ್ಲಮ್ಮ" ಅಂದರು ನ್ಯಾಯಾಧೀಶರು.

"ಬೀನ್ಸು ತಂದೋನು ಇಲ್ಲೇ ಹಿಂದಿನ ಬೆಂಚಲ್ಲಿ ಕೂತವ್ನೆ, ಸ್ವಾಮಿ. ಎರಡನೇ ವರ್ಷವೇ ಟೊಮೇಟೊ, ಮೂರು ಲೋಡು."

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಬಾಗಿಲ ಕಡೆ ನಡೆದ. ಟೈಪು ಮಾಡುವವನ ಕೈ ನಿಂತಿತ್ತು. ಬರೆಯಬೇಕೋ ಬೇಡವೋ ಎಂದು ಅವನು ಮೇಲೆ ನೋಡಿದ. ಕಾನ್‌ಸ್ಟೇಬಲ್ಲು ಬಂದು ಅವಳ ತೋಳು ಹಿಡಿದು ಎಳೆದ. ಅವಳು ಮರ ಬಿಡಲಿಲ್ಲ. ಟೈಪು ಮಾಡುವವನ ಕಡೆ ತಿರುಗಿದಳು.

"ಬರ್ಕೊಳಪ್ಪ. ಇನ್ನೂ ಏಳು ವರ್ಷದ್ದಿದೆ."